250 ತಾಂಬೂಲದ ಚೀಲ, 3 ಸೀರೆಗೆ ಕುಚ್ಚು: ಹೆಸರು ಹೇಳಲಾಗದ ಅಂಗಡಿಯ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಈ ರಿವ್ಯೂನಲ್ಲಿ ಅಂಗಡಿಯ ಹೆಸರಿಲ್ಲ. ಮ್ಯಾಪ್ ಲಿಂಕ್ ಇಲ್ಲ, ಫೋನ್ ನಂಬರೂ ಇಲ್ಲ. ಇದೆಂಥ ರಿವ್ಯೂ ಅಂತ ಬೈಯಬೇಡಿ. ಕಾರಣ ಇದೆ, ಮುಂದೆ ಬರುತ್ತದೆ. ತುಮಕೂರಿನಲ್ಲೇ ಇದೆ, ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹತ್ತು ಹದಿನೈದು ನಿಮಿಷ, ಅಷ್ಟು ಸಾಕು.

ಅಣ್ಣನ ಮಗಳ ಮದುವೆ ವೈಶಾಖದಲ್ಲಿತ್ತು. ಮದುವೆ ಅಂದ ಮೇಲೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಅಂಟಿಕೊಳ್ಳುತ್ತದೆ ಅಲ್ವಾ. ನನಗೆ ಅಂಟಿದ್ದು ತಾಂಬೂಲದ ಚೀಲ. ಸುಲಭದ ಕೆಲಸ ಅಂತ ಒಪ್ಪಿಕೊಂಡೆ. ಆಮೇಲೆ ಗೊತ್ತಾಯಿತು, ಊಟ ಚೆನ್ನಾಗಿರಲಿಲ್ಲ ಅಂತ ಯಾರೂ ಮುಖಕ್ಕೆ ಹೇಳುವುದಿಲ್ಲ, ಆದರೆ ತಾಂಬೂಲದ ಚೀಲ ಕಿತ್ತು ಮಂಟಪದ ಬಾಗಿಲಲ್ಲೇ ಕಾಯಿ ಉರುಳಿದರೆ ಆ ಕತೆಯನ್ನು ನೆಂಟರು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಾರೆ. ನಮ್ಮ ಮನೆಯಲ್ಲೇ ಆಗಿದೆ. ಹಿಂದಿನ ಮದುವೆಗೆ ಸಗಟು ಅಂಗಡಿಯೊಂದರಿಂದ 14 ರೂಪಾಯಿಯ ಚೀಲ ತಂದಿದ್ದೆವು. ಬಟ್ಟೆ ಥರ ಕಾಣುತ್ತೆ, ಮುಟ್ಟಿದರೆ ಸರಸರ ಅನ್ನುತ್ತೆ, ಅಂಥದ್ದು. ನಾನು ಅದನ್ನು ಬಟ್ಟೆ ಅಂತಲೇ ನಂಬಿದ್ದೆ. ನಾನ್ ವೋವನ್, ಅಂದರೆ ನೇಯದೆ ಮಾಡಿದ ಬಟ್ಟೆ, ಅಂತ ಮಾರುವ ಈ ಚೀಲ ಪಾಲಿಪ್ರೊಪಿಲೀನ್, ಅಂದರೆ ಅದೂ ಪ್ಲಾಸ್ಟಿಕ್ಕೇ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ ಆದ ಮೇಲೂ ನಾವೆಲ್ಲ ಬಟ್ಟೆ ಚೀಲ ಅಂದುಕೊಂಡು ಹಂಚಿದ್ದು ಇದನ್ನೇ. ಹಿಡಿಯನ್ನು ಅದರಲ್ಲಿ ಹೊಲಿದಿರುವುದಿಲ್ಲ, ಕಾಯಿಸಿ ಅಂಟಿಸಿರುತ್ತಾರೆ. ಕಾಯಿ ಹಾಕಿ ನಾಲ್ಕು ಹೆಜ್ಜೆ ನಡೆದರೆ ಕೈಯಲ್ಲಿ ಹಿಡಿ ಮಾತ್ರ ಉಳಿಯುತ್ತೆ.

ಈ ಅಂಗಡಿ ನನಗೆ ಸಿಕ್ಕಿದ್ದು ಸಿದ್ಧಗಂಗೆ ಜಾತ್ರೆಯಲ್ಲಿ. ಶಿವರಾತ್ರಿ ಹೊತ್ತಿಗೆ ಅಲ್ಲಿ ವಸ್ತು ಪ್ರದರ್ಶನ ಇರುತ್ತೆ, ಗೊತ್ತಲ್ಲ. ಕಡ್ಲೆಪುರಿ ಕಟ್ಟಿಸಿಕೊಂಡು ಸುಮ್ನೆ ಸುತ್ತುತ್ತಿದ್ದೆ. ಒಂದು ಮಳಿಗೆಯಲ್ಲಿ ಹೆಂಗಸೊಬ್ಬರು ಒಂದು ಸಣ್ಣ ಚೀಲದೊಳಗೆ ಎರಡು ಲೀಟರ್ ನೀರಿನ ಬಾಟಲಿ ಇಟ್ಟು ಮೊಳೆಗೆ ನೇತುಹಾಕಿದ್ದರು. ಬೋರ್ಡಿಲ್ಲ, ಬ್ಯಾನರ್ ಇಲ್ಲ, ಆ ಚೀಲ ಅಷ್ಟೇ. "ಬೆಳಗ್ಗೆಯಿಂದ ನೇತಾಡ್ತೈತೆ ನೋಡಿ" ಅಂದರು. ನಾನು ಬಗ್ಗಿ ಹಿಡಿ ನೋಡಿದೆ. ಎರಡೂ ಕಡೆ ಚೌಕ ಹೊಲಿದು, ಚೌಕದೊಳಗೆ ಇಂಟು ಮಾರ್ಕ್ ಹಾಕಿದ್ದರು. ಸ್ಕೂಲ್ ಬ್ಯಾಗಿಗೆ ಹಾಕುವ ಹೊಲಿಗೆ ಅದು. ತಾಂಬೂಲದ ಚೀಲಕ್ಕೆ ಅದನ್ನು ಹಾಕಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

ಬೆಲೆ 42 ರೂಪಾಯಿ. ಜಾಸ್ತಿ ಆಯ್ತು ಅಂದೆ. ಅವರು ಇಳಿಸಲಿಲ್ಲ. ಇಳಿಸದೇ ಇದ್ದದ್ದು ನನಗೆ ಸ್ವಲ್ಪ ಕೋಪ ಬರಿಸಿತು, ಸುಳ್ಳು ಯಾಕೆ ಹೇಳಲಿ. "ಕಷ್ಟದಲ್ಲಿರೋ ಹೆಣ್ಣುಮಕ್ಕಳು ಮಾಡಿದ್ದು" ಅಂತ ಹೇಳಿ ಮಾರುತ್ತಾರೇನೋ ಅಂತ ಕಾದೆ. ಅದನ್ನೂ ಹೇಳಲಿಲ್ಲ. ಹೊಲಿಗೆ ಬಗ್ಗೆ ಮಾತ್ರ ಹೇಳಿದರು. ಖಣದ ಬಟ್ಟೆ ಥರ ಇದೆಯಲ್ಲ ಅಂತ ಕೇಳಿದ್ದಕ್ಕೆ, "ಅಸಲಿ ಖಣ ಅಲ್ಲ ಮೇಡಂ, ಆ ಡಿಸೈನ್ ಇರೋ ಪವರ್‌ಲೂಮ್ ಬಟ್ಟೆ. ಅಸಲಿ ಬೇಕು ಅಂದ್ರೆ ಈ ರೇಟಿಗೆ ಆಗಲ್ಲ" ಅಂದರು. ಕೇಳದೇ ಇದ್ದಿದ್ದರೆ ನಾನು ಖಣ ಅಂತಲೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಒಂದು ಚೀಲ ಕೊಂಡು ಮನೆಗೆ ತಂದೆ, ಅಡುಗೆಮನೆಯ ಮೊಳೆಗೆ ನೀರಿನ ಬಾಟಲಿ ಸಮೇತ ಮೂರು ದಿನ ನೇತುಹಾಕಿದೆ. ನಮ್ಮ ಯಜಮಾನರು "ಇದೇನು, ಮನೇಲೂ ಪ್ರದರ್ಶನ ಇಟ್ಟಿದೀಯಾ" ಅಂದರು. ಹಿಡಿ ಒಂದು ನೂಲೂ ಅಲ್ಲಾಡಲಿಲ್ಲ.

ಆರ್ಡರ್ ಕೊಡಲು ಹೋದಾಗಲೇ ಒಳಗೆ ಏನಿದೆ ಅಂತ ಗೊತ್ತಾಗಿದ್ದು. ಹೊರಗಿನಿಂದ ನೋಡಿದರೆ ಸಾಧಾರಣ ಮನೆ. ಮುಂದಿನ ಕೋಣೆಯೇ ಅಂಗಡಿ. ಒಳಗಿನ ಹಾಲ್‌ನಲ್ಲಿ ಹನ್ನೊಂದು ಮಷಿನ್, ಒಂದು ಕಟಿಂಗ್ ಟೇಬಲ್, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್. ಮೂಲೆಯಲ್ಲಿ ಚಾಪೆ ಹಾಸಿ ಇಬ್ಬರು ಮಕ್ಕಳು ದಾರ ಸುತ್ತುವ ಬಾಬಿನ್‌ಗಳನ್ನು ಸಾಲಾಗಿ ಜೋಡಿಸಿ ರೈಲು ಆಡುತ್ತಿದ್ದರು. ಹೊಲಿಗೆ ಕಲಿಸುವವರನ್ನು ಎಲ್ಲರೂ ಟೀಚರ್ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಇಪ್ಪತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದವರಂತೆ. ಮಾತು ಕಡಿಮೆ, ಕಣ್ಣು ಮಾತ್ರ ಹೊಲಿಗೆ ಮೇಲೇ. ನನ್ನ ಜೊತೆ ಮಾತಾಡುತ್ತಲೇ ದೂರದಲ್ಲಿದ್ದ ಒಬ್ಬಳಿಗೆ "ದಾರ ಸಡ್ಲ ಆಯ್ತು ಕಣಮ್ಮ, ಶಬ್ದ ಕೇಳಿಸ್ತಾ ಇಲ್ವಾ" ಅಂದರು. ಮಷಿನ್ ಶಬ್ದದಲ್ಲೇ ದಾರ ಸಡಿಲ ಆಗಿದ್ದು ಗೊತ್ತಾಗುತ್ತೆ ಅಂತ ನನಗೆ ಆವತ್ತೇ ತಿಳಿದದ್ದು.

ನನ್ನ ಜೊತೆ ಬಂದಿದ್ದ ಅಣ್ಣನ ಮಗ ಬಂದ ತಕ್ಷಣ ಮೊಬೈಲ್ ತೆಗೆದು ರೀಲ್ಸ್ ಮಾಡಲು ಶುರು ಮಾಡಿದ. ಮಷಿನ್‌ಗಳು ಒಟ್ಟಿಗೆ ನಿಂತವು. ಹನ್ನೊಂದೂ. ಟೀಚರ್ ಎದ್ದು ಬಂದು, ಜೋರು ಮಾಡದೆ, "ಡಿಲೀಟ್ ಮಾಡಪ್ಪ. ಬೇಕಾದ್ರೆ ಕೈದು, ಬಟ್ಟೇದು ವಿಡಿಯೋ ಮಾಡು, ಮುಖ ಬೇಡ" ಅಂದರು. ಅವನ ಮುಖ ಕೆಂಪಾಯಿತು, ಅಳಿಸಿದ. ಅಳಿಸಿದ್ದನ್ನು ತೋರಿಸು ಅಂದರು, ತೋರಿಸಿದ. ಆಮೇಲೆ ಮಷಿನ್‌ಗಳು ಶುರುವಾದವು.

ಇಲ್ಲಿರುವವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಮನೆ ಬಿಟ್ಟು ಬಂದವರು. ಹೊಡೆತ ತಾಳದೆ ಬಂದವರಿದ್ದಾರೆ, ಗಂಡ ಸತ್ತ ಮೇಲೆ ಹೊರಗೆ ಹಾಕಿಸಿಕೊಂಡವರಿದ್ದಾರೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದ ಮೂಲಕ ಬಂದವರೂ ಇದ್ದಾರೆ. ಹಿಂದೆ ಯಾರೋ ಗಿರಾಕಿ ಒಳ್ಳೆಯ ಮನಸ್ಸಿನಿಂದಲೇ ಫೋಟೋ, ವಿಳಾಸ ಎಲ್ಲ ಹಾಕಿ ಹೊಗಳಿ ಬರೆದರಂತೆ. ಮೂರನೇ ದಿನ ಒಬ್ಬಾಕೆಯ ಗಂಡ ಗೇಟಿನ ಹತ್ತಿರ ನಿಂತಿದ್ದ. ಅದಕ್ಕೇ ಹೆಸರಿಲ್ಲ. ನನಗೆ ಸ್ಟಾರ್ ಕೊಡುವ ಆಸೆ ಇದ್ದರೂ ಒತ್ತಲು ಜಾಗವೇ ಇಲ್ಲ.

ಇನ್ನು ದುಡ್ಡಿನ ವಿಷಯ. ಗೋಡೆ ಮೇಲೆ ಒಂದು ಹಸಿರು ಬೋರ್ಡ್ ಇದೆ, ಶಾಲೆಯಲ್ಲಿರುತ್ತಲ್ಲ, ಆ ಥರದ್ದು. ಅದರಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದಾರೆ: ತಾಂಬೂಲದ ಚೀಲ 42, ಅದರಲ್ಲಿ ಬಟ್ಟೆಗೆ 17, ದಾರ ಮತ್ತು ಹಿಡಿಗೆ 4, ಹೊಲಿದವರಿಗೆ 12, ಬಾಡಿಗೆ ಕರೆಂಟು ಮಷಿನ್ ರಿಪೇರಿಗೆ 9. ಗಿರಾಕಿಗೂ ಕಾಣುವ ಹಾಗೆ. ಚೌಕಾಸಿ ಮಾಡುವವರಿಗೆ ಟೀಚರ್ ಆ ಬೋರ್ಡ್ ತೋರಿಸಿ "ಯಾವುದರಲ್ಲಿ ಕಡಿಮೆ ಮಾಡಲಿ, ನೀವೇ ಹೇಳಿ" ಅಂತಾರೆ. ನಾನು 9ರಲ್ಲಿ ಮಾಡಿ ಅಂದೆ. ಅವತ್ತೇ ಬಂದ ಕರೆಂಟ್ ಬಿಲ್ ತೋರಿಸಿದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಅಡ್ವಾನ್ಸ್ ಕೊಟ್ಟೆ. 250 ಚೀಲ, 10,500 ರೂಪಾಯಿ, ಅರ್ಧ ಮುಂಗಡ.

ಕೈ ಪಳಗಿದವರು ದಿನಕ್ಕೆ 25 ಚೀಲ ಹೊಲಿಯುತ್ತಾರೆ. ಅಂದರೆ 300 ರೂಪಾಯಿ. ಇದು ದೊಡ್ಡ ದುಡ್ಡೇನೂ ಅಲ್ಲ. ಗಾರ್ಮೆಂಟ್ಸ್‌ಗೆ ಹೋದರೆ ಪಿಎಫ್, ಇಎಸ್‌ಐ ಎಲ್ಲ ಸಿಗುತ್ತದಲ್ಲ ಅಂತ ಕೇಳಿಯೇಬಿಟ್ಟೆ. ಟೀಚರ್ ಒಪ್ಪಿಕೊಂಡರು. "ಹೋಗ್ಲಿ ಅಂತಾನೇ ಕಲಿಸ್ತೀವಿ. ಆದ್ರೆ ಕೋರ್ಟ್ ಡೇಟ್ ಇದೆ ಅಂತ ತಿಂಗಳಿಗೆ ಎರಡು ರಜ ಅಲ್ಲಿ ಯಾರು ಕೊಡ್ತಾರೆ? ಮಗು ಎಲ್ಲಿ ಬಿಡ್ತಾಳೆ? ಗೇಟಿಗೆ ಗಂಡ ಬಂದ್ರೆ ಸೆಕ್ಯೂರಿಟಿ ಇವಳನ್ನೇ ಹೊರಗೆ ಕಳಿಸ್ತಾನೆ" ಅಂದರು. ಮೂರು ತಿಂಗಳು ಕಲಿಕೆ, ಆಮೇಲೆ ಪೀಸ್ ರೇಟು, ವರ್ಷ ಎರಡು ವರ್ಷ ಆದ ಮೇಲೆ ಕೆಲವರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಕೆಲವರು ಊರಲ್ಲೇ ಮಷಿನ್ ಇಟ್ಟುಕೊಳ್ಳುತ್ತಾರೆ, ಕೆಲವರು ಇಲ್ಲೇ ಉಳಿಯುತ್ತಾರೆ. ಆರ್ಡರ್ ಇಲ್ಲದ ದಿನಕ್ಕೂ 150 ರೂಪಾಯಿ ಅಂತ ಇಟ್ಟಿದ್ದಾರೆ. ಆಷಾಢ, ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಚೀಲ ಕೇಳುವವರೂ ಇರುವುದಿಲ್ಲ. ಆಗ ಉಳಿದ ತುಂಡು ಬಟ್ಟೆಯಲ್ಲಿ ಕೌದಿ, ಕಾಲೊರಸು, ಮಕ್ಕಳ ಪೆಟಿಕೋಟು. ಕಾಲೊರಸು ಒಂದು ತಂದಿದ್ದೇನೆ, 60 ರೂಪಾಯಿ, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕಾಲೊರೆಸುತ್ತೆ.

ಬ್ಯಾಂಕ್ ಪಾಸ್‌ಬುಕ್ಕಿನ ವಿಷಯ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಕೂಲಿ ಕೈಗೆ ಕೊಡುವುದಿಲ್ಲ, ಅವರವರ ಖಾತೆಗೇ ಹಾಕುತ್ತಾರೆ. ಖಾತೆ ಹೊಸದಾಗಿ ಮಾಡಿಸುತ್ತಾರೆ. ಜನಧನ್ ಖಾತೆ ಇದ್ದರೆ ಅದೇ ಸಾಕಲ್ಲ, ಯಾಕೆ ಹೊಸದು ಅಂದೆ. ಒಬ್ಬಾಕೆಗೆ ಹಾಗೇ ಹಳೇ ಖಾತೆಗೆ ಹಾಕಿದ್ದರಂತೆ. ಮೊದಲ ತಿಂಗಳ 2,800 ರೂಪಾಯಿ ಬಿದ್ದ ತಕ್ಷಣ ಮೆಸೇಜ್ ಹೋದದ್ದು ಗಂಡನ ಮೊಬೈಲಿಗೆ. ಖಾತೆ ಮಾಡಿಸುವಾಗ ಅವನ ನಂಬರೇ ಕೊಟ್ಟಿದ್ದರು, ಮನೆಯಲ್ಲಿದ್ದದ್ದೇ ಒಂದು ಫೋನು. ಎಟಿಎಂ ಕಾರ್ಡೂ ಅವನ ಹತ್ತಿರವೇ. ಸಂಜೆಯೊಳಗೆ ಖಾತೆಯಲ್ಲಿ ಉಳಿದದ್ದು 11 ರೂಪಾಯಿ. ಈಗ ಹೊಸದಾಗಿ ಬಂದವರಿಗೆ ಸೂಜಿಗೆ ದಾರ ಪೋಣಿಸುವುದು ಕಲಿಸುವ ಮೊದಲು ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಬದಲಾಯಿಸುತ್ತಾರೆ. ಇದನ್ನು ಹೇಳಿದ್ದು ಆ ಹೆಂಗಸೇ, ಕಾಜಾ ಮಾಡುತ್ತಾ, ತಲೆ ಎತ್ತದೆ. "ನಂಬರ್ ನಂದೇ ಈಗ" ಅಂತ ಕೊನೆಗೆ ಸೇರಿಸಿದಳು.

ಗೃಹಲಕ್ಷ್ಮಿಯ 2,000 ಬರುತ್ತದಲ್ಲ ಅಂತ ನನ್ನಂಥವರು ಸುಲಭವಾಗಿ ಕೇಳಿಬಿಡುತ್ತೇವೆ. ಅದು ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ. ಮನೆ ಬಿಟ್ಟು ಬಂದವಳ ಹೆಸರು ಇನ್ನೂ ಅತ್ತೆಯ ಕಾರ್ಡಿನಲ್ಲೇ ಇದ್ದರೆ ದುಡ್ಡು ಅತ್ತೆಗೆ. ಕುಶಲಕರ್ಮಿಗಳಿಗೆ ಅಂತ ಇರುವ ಕೇಂದ್ರದ ವಿಶ್ವಕರ್ಮ ಯೋಜನೆಯೂ ಹಾಗೇ. 2023ರಲ್ಲಿ ಶುರುವಾದದ್ದು, ಅದರಲ್ಲಿ ದರ್ಜಿ ಕೆಲಸವೂ ಸೇರಿದೆ, ಉಪಕರಣಕ್ಕೆ 15,000 ರೂಪಾಯಿ, ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ. ಇಲ್ಲಿ ಇಬ್ಬರು ಅದರಲ್ಲೇ ಮಷಿನ್ ತಗೊಂಡಿದ್ದಾರೆ. ಆದರೆ ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಗಂಡ ಮರಗೆಲಸ ಅಂತ ಮೊದಲೇ ಅರ್ಜಿ ಹಾಕಿದ್ದರೆ, ಇವಳು ಬೇರೆ ಇದ್ದರೂ, ಕಾಗದದಲ್ಲಿ ಇನ್ನೂ ಅವನ ಹೆಂಡತಿಯೇ. ಮೂರನೆಯವಳಿಗೆ ಅದಕ್ಕೇ ಸಿಗಲಿಲ್ಲ. ಪೂರ್ತಿ ನಿಸ್ಸಂಕೋಚವಾಗಿ ಎಲ್ಲರೂ ಹೊಗಳಿದ್ದು ಒಂದನ್ನೇ, ಉಚಿತ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗುಬ್ಬಿ, ಕೊರಟಗೆರೆ ಕಡೆಯಿಂದ ಬರುವವರು ಮಧ್ಯದಲ್ಲಿ ಕಲಿಯುವುದು ಬಿಡುವುದು ಕಡಿಮೆ ಆಗಿದೆ ಅಂತಾರೆ ಟೀಚರ್. ಮೊದಲು ಬಸ್ ಚಾರ್ಜಿಗೆ ಮನೆಯಲ್ಲಿ ಕೈಯೊಡ್ಡಬೇಕಿತ್ತು, ಕೈಯೊಡ್ಡಿದಾಗ "ಎಲ್ಲಿಗೆ?" ಅಂತ ಪ್ರಶ್ನೆ ಬರುತ್ತಿತ್ತು. ಈಗ ಆಧಾರ್ ತೋರಿಸಿ ಪಿಂಕ್ ಟಿಕೆಟ್ ತಗೊಂಡು ಬಂದುಬಿಡುತ್ತಾರೆ.

ಸರಿ, ಚೀಲಕ್ಕೆ ಬರೋಣ. ರಿವ್ಯೂ ಅಂತ ಶುರು ಮಾಡಿ ಎಲ್ಲೆಲ್ಲಿಗೋ ಹೋದೆ.

ಹೇಳಿದ ದಿನಕ್ಕೆ ಬರಲಿಲ್ಲ. ನಾಲ್ಕು ದಿನ ತಡ. ಮದುವೆಮನೆಯಲ್ಲಿ ನಾಲ್ಕು ದಿನ ಅಂದರೆ ಏನು ಅಂತ ನಿಮಗೆ ಗೊತ್ತು. ನಮ್ಮತ್ತಿಗೆ ದಿನಕ್ಕೆ ಎರಡು ಸಲ ಕೇಳುತ್ತಿದ್ದರು, "ನಿನ್ನ ಚೀಲ ಏನಾಯ್ತು" ಅಂತ. ನನ್ನ ಚೀಲ! ಒಬ್ಬಾಕೆಗೆ ಜೀವನಾಂಶದ ಕೇಸಿನ ದಿನ, ಇನ್ನೊಬ್ಬಾಕೆಯ ಮಗುವಿಗೆ ಜ್ವರ, ಮಧ್ಯೆ ಎರಡು ಮಧ್ಯಾಹ್ನ ಕರೆಂಟ್ ಇಲ್ಲ. ಯುಪಿಎಸ್ ಮಷಿನ್‌ಗಳನ್ನು ಎಳೆಯುವುದಿಲ್ಲ. ಕಾರಣ ಎಲ್ಲ ನಿಜವೇ. ಆದರೆ ಫೋನ್ ಮಾಡಿ ಮೊದಲೇ ಹೇಳಬಹುದಿತ್ತು, ನಾನೇ ಮಾಡಿ ಕೇಳುವವರೆಗೆ ಹೇಳಲಿಲ್ಲ.

ಬಂದ ಚೀಲಗಳನ್ನು ರಾತ್ರಿ ಕೂತು ಒಂದೊಂದಾಗಿ ನೋಡಿದೆವು. 228 ಚೀಲ ಕಣ್ಣಿಗೊತ್ತಿಕೊಳ್ಳುವ ಹಾಗಿದ್ದವು. 22 ಬೇರೆ ಥರ. ಹಿಡಿಗೆ ಚೌಕ ಇತ್ತು, ಒಳಗೆ ಇಂಟು ಮಾರ್ಕ್ ಇರಲಿಲ್ಲ. ತಿರುಗಿಸಿ ನೋಡಿದರೆ ಕೆಳಗಿನ ದಾರ ಕುಣಿಕೆ ಕುಣಿಕೆಯಾಗಿ ಎದ್ದಿತ್ತು. ಬೆರಳು ಹಾಕಿ ಎಳೆದರೆ ಸರ್ ಅಂತ ಬಿಚ್ಚಿತು.

ಆಗ ನಾನು ಏನು ಮಾಡಿದೆ ಗೊತ್ತಾ? ಸುಮ್ಮನಿರೋಣ ಅಂದೆ. ಪಾಪ, ಕಲಿಯುವವರು ಯಾರೋ ಹೊಲಿದಿರಬೇಕು, ದೂರು ಹೇಳಿದರೆ ಅವಳ ಕೂಲಿ ಕತ್ತರಿಸುತ್ತಾರೆ, 22 ಚೀಲ ಮಕ್ಕಳ ಕೈಗೆ ಕೊಟ್ಟರಾಯಿತು, ಹೀಗೆಲ್ಲ. ಅತ್ತಿಗೆ ಕೇಳಲಿಲ್ಲ. "ಬೇರೆ ಅಂಗಡೀಲಿ ಹಿಂಗಿದ್ರೆ ಸುಮ್ನಿರ್ತಿದ್ಯಾ? ಹಿಂದಿನ ಸಲ ಆ ಸಗಟು ಅಂಗಡಿಯವನ ಹತ್ರ ರಸ್ತೇಲಿ ನಿಂತು ಜಗಳ ಆಡಿದ್ದೆ" ಅಂದರು. ಅಂದು ನನ್ನ ಫೋನ್ ಕಿತ್ತುಕೊಂಡು ಅವರೇ ಮಾಡಿದರು. ರಾತ್ರಿ ಎಂಟೂವರೆಗೆ. ಟೀಚರ್ ಒಂದೇ ಮಾತು ಹೇಳಿದ್ದು, "ನಾಳೆ ಒಂಬತ್ತಕ್ಕೆ ತನ್ನಿ, ಬಿಲ್ಲೂ ತನ್ನಿ."

ಬೆಳಗ್ಗೆ ಹೋದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋಗಿದ್ದೆ, ಮನಸ್ಸು ಅಳುಕುತ್ತಿತ್ತಲ್ಲ. ಟೀಚರ್ ಚೀಲಗಳನ್ನು ಟೇಬಲ್ ಮೇಲೆ ಸುರಿದು ಯಾರನ್ನೋ ಕರೆದರು. ಬಂದವಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಬೈತಾರೆ ಅಂತ ನಾನು ಬೇರೆ ಕಡೆ ನೋಡುತ್ತಾ ನಿಂತೆ. ಬೈಯಲಿಲ್ಲ. "ಹೇಳು, ಎಲ್ಲಿ ತಪ್ಪಾಗಿದೆ" ಅಂದರು. ಅವಳು ಒಂದು ಚೀಲ ಎತ್ತಿ, ಒಳಭಾಗ ಹೊರಗೆ ತಿರುಗಿಸಿ, ಉಗುರಿನಿಂದ ಕುಣಿಕೆ ಕೆದಕಿ, "ಬಾಬಿನ್ ಕೇಸಿನ ಸ್ಕ್ರೂ ಸಡ್ಲ ಟೀಚರ್" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅರ್ಧ ಗಂಟೆ ಕೂತ್ಕೊಳ್ಳಿ ಅಕ್ಕ" ಅಂದಳು.

ಕೂತು ನೋಡಿದೆ. ಮಷಿನ್ ಕೆಳಗೆ ಬಾಬಿನ್ ಕೂರುವ ಆ ಕೇಸನ್ನು ಹೊರಗೆ ತೆಗೆದಳು. ದಾರದ ತುದಿ ಹಿಡಿದು ಅದನ್ನು ಗಾಳಿಯಲ್ಲಿ ತೂಗುಬಿಟ್ಟಳು. ಕೇಸು ಜರ್ ಅಂತ ಕೆಳಗೆ ಇಳಿಯಿತು. ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಒಂದು ಚೂರು ತಿರುಗಿಸಿ ಮತ್ತೆ ತೂಗಿದಳು. ಈ ಸಲ ಕೇಸು ಹಾಗೇ ನಿಂತಿತು, ಕೈ ಸ್ವಲ್ಪ ಕುಲುಕಿದರೆ ಒಂದು ಬೆರಳಷ್ಟು ಇಳಿದು ನಿಲ್ಲುತ್ತಿತ್ತು. "ಹಿಂಗಿರ್ಬೇಕು" ಅಂತ ತನಗೇ ಹೇಳಿಕೊಂಡಳು. ಹಳೇ ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಚ್ಚಿ, ಚೌಕ ಹೊಲಿದು, ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಪಾದ ಎತ್ತಿ ಬಟ್ಟೆ ತಿರುಗಿಸಿ, ಇಂಟು ಮಾರ್ಕಿನ ಒಂದು ಗೆರೆ, ಮತ್ತೆ ತಿರುಗಿಸಿ ಇನ್ನೊಂದು ಗೆರೆ. ಒಂದು ಚೀಲಕ್ಕೆ ಒಂದೂವರೆ ನಿಮಿಷ. ಅರ್ಧ ಗಂಟೆ ಅಂದದ್ದು ಮುಕ್ಕಾಲು ಗಂಟೆ ಆಯಿತು. ಕೂಲಿ ಕತ್ತರಿಸಿದರಾ ಅಂತ ಹೊರಗೆ ಬಂದು ಕೇಳಿದೆ. ಆ 22 ಚೀಲಕ್ಕೆ ಎರಡನೇ ಸಲ ಕೂಲಿ ಇಲ್ಲ, ಮೊದಲಿನದು ಇದೆ ಅಂದರು ಟೀಚರ್. ಸರಿ ಅನ್ನಿಸಿತು. ಇಡ್ಲಿ ಎಲ್ಲರೂ ತಿಂದರು. ಚಟ್ನಿ ಸಾಕಾಗಲಿಲ್ಲ.

ಅವಳು ಕೊನೇ ಚೀಲ ಮಡಿಸುವಾಗ ಒಂದು ಮಾತು ಅಂದಳು. "ಅಕ್ಕ, ನೀವು ತಂದಿದ್ದ ಕಾಯಿ ಸಣ್ಣದು. ನಿಮ್ಮ ಮನೆ ಕಾಯೇನಾ?" ಆಗ ನನಗೆ ಹೊಳೆಯಿತು. ಅಳತೆಗೆ ಅಂತ ನಾನು ಕೊಟ್ಟಿದ್ದು ಬೀದಿ ಕೊನೆಯ ಅಂಗಡಿಯಲ್ಲಿ ತಂದ ಕಾಯಿ. ಮದುವೆಗೆ ಬರುವ ಕಾಯಿ ಅತ್ತಿಗೆಯ ತೌರುಮನೆಯದು, ತಿಪಟೂರು ಕಡೆಯ ತೋಟದ್ದು, ಒಂದೊಂದು ಎರಡು ಕೈಯಲ್ಲಿ ಹಿಡಿಯುವಷ್ಟು. ಮದುವೆ ದಿನ ಅದೇ ಆಯಿತು. ಚೀಲಕ್ಕೆ ಮೂರು ಇಂಚಿನ ತಳಪಟ್ಟಿ ಕೊಟ್ಟಿದ್ದರಿಂದ ಕಾಯಿ ಹೇಗೋ ಕೂತಿತು, ಆದರೆ ಅದರ ಮೇಲೆ ಎರಡು ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಲಾಡು ಡಬ್ಬಿ ಇಟ್ಟ ಮೇಲೆ ಬಾಯಿ ಮುಚ್ಚಲಿಲ್ಲ. ಬಾಳೆಹಣ್ಣು ಎಲ್ಲರ ಚೀಲದಿಂದಲೂ ಇಣುಕುತ್ತಿತ್ತು. ಇದು ನನ್ನ ತಪ್ಪು, ಅಂಗಡಿಯದಲ್ಲ. ಹಿಡಿ ಮಾತ್ರ ಒಂದೂ ಕೀಳಲಿಲ್ಲ. ಒಬ್ಬ ಮಾವನವರು ನಾಲ್ಕು ಚೀಲದ ಕಾಯಿ ಒಂದಕ್ಕೇ ತುಂಬಿಕೊಂಡು ಬಸ್ ಹತ್ತಿದರು. ಅದೂ ತಡೆಯಿತಂತೆ, ಫೋನ್ ಮಾಡಿ ಹೇಳಿದರು.

ಕುಚ್ಚಿನ ವಿಷಯ ಬೇರೆ. ಇಲ್ಲಿ ಸೀರೆಗೆ ಕುಚ್ಚು ಹಾಕಿಕೊಡುತ್ತಾರೆ. ಹಾಕುವುದು ಒಬ್ಬರೇ. ಚಿಕ್ಕಂದಿನಲ್ಲಿ ಪೋಲಿಯೋ ಆದವರು, ಮಷಿನ್ ತುಳಿಯಲು ಆಗುವುದಿಲ್ಲ, ಕಿಟಕಿ ಪಕ್ಕದ ಜಾಗ ಅವರದ್ದು. ಕಿಟಕಿಯೇ ಯಾಕೆ ಅಂದರೆ ಬಣ್ಣ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತೆ ಅಂತ ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದು, ರೇಷ್ಮೆ ದಾರದ ಲಡಿಗಳನ್ನು ಒಂದೊಂದಾಗಿ ಪಕ್ಕದಲ್ಲಿಟ್ಟು ನೋಡುತ್ತಾರೆ. ನನ್ನ ನೇರಳೆ ಸೀರೆಗೆ ಐದು ನೇರಳೆ ತೆಗೆದು ನಾಲ್ಕನ್ನು ಬಿಟ್ಟರು. ನನಗೆ ಐದೂ ಒಂದೇ ಥರ ಕಂಡವು. ಸೆರಗನ್ನು ದಿಂಬಿಗೆ ಪಿನ್ ಹಾಕಿ ಬಿಗಿ ಮಾಡಿ, ಕ್ರೋಷಾ ಕಡ್ಡಿಯಲ್ಲಿ ಅಂಚಿಗೆ ಸರಪಳಿ ಹಾಕಿ, ಮಧ್ಯೆ ಮಣಿ ಸೇರಿಸಿ, ಕೊನೆಗೆ ದಾರದ ಗೊಂಚಲು ಮಡಚಿ ಅದರ ಕುತ್ತಿಗೆಗೆ ಜರಿ ಸುತ್ತಿ ಬಿಗಿಯುತ್ತಾರೆ. ಗೊಂಚಲಿನ ತುದಿಯನ್ನು ಕತ್ತರಿಸುವುದು ಎಲ್ಲ ಮುಗಿದ ಮೇಲೆ, ಒಂದೇ ಸಲ, ಸ್ಕೇಲ್ ಇಟ್ಟು. ನೇರಳೆ ಸೀರೆಯ ಕುಚ್ಚನ್ನು ಮದುವೆಯಲ್ಲಿ ಏಳು ಜನ ಮುಟ್ಟಿ ನೋಡಿ ಎಲ್ಲಿ ಹಾಕಿಸಿದ್ದು ಅಂದರು. ಏಳು ಜನಕ್ಕೂ ಹೆಸರು ಹೇಳಲಾಗದೆ "ಕರ್ಕೊಂಡು ಹೋಗ್ತೀನಿ ಬನ್ನಿ" ಅಂದೆ.

ರೇಟು 350. ಇದರಲ್ಲಿ 220 ಅವರಿಗೆ. ಮೊದಲು ಪೇಟೆಯ ಅಂಗಡಿಯೊಂದಕ್ಕೆ ಮನೆಯಿಂದಲೇ ಹಾಕಿಕೊಡುತ್ತಿದ್ದರಂತೆ, ಗಿರಾಕಿ ಹತ್ತಿರ 400 ತಗೊಂಡು ಇವರಿಗೆ 90 ಕೊಡುತ್ತಿದ್ದರು, ದಾರವೂ ಇವರದ್ದೇ. ನಾವೆಲ್ಲ ಕುಚ್ಚು ಹಾಕಿಸುವುದು ಹೀಗೇ ಅಲ್ವಾ? ಸೀರೆ ಅಂಗಡಿಯ ಕೌಂಟರಿನಲ್ಲಿ ಕೊಡುತ್ತೇವೆ, ವಾರ ಬಿಟ್ಟು ತರುತ್ತೇವೆ. ಹಾಕಿದ ಕೈ ಯಾವುದು ಅಂತ ನಾನು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಆದರೆ ಒಂದು ದೂರು ಇದೆ, ಇದಕ್ಕೇ ಒಂದು ಸ್ಟಾರ್ ಕಟ್. ಮೂರು ಸೀರೆಯಲ್ಲಿ ಒಂದು ಕೆನೆ ಬಣ್ಣದ ಕಾಟನ್. ಅದಕ್ಕೆ ಕೆಂಪು ಕುಚ್ಚು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಸೆರಗಿನ ಅಂಚೆಲ್ಲ ಗುಲಾಬಿ. ರೇಷ್ಮೆ ಸೀರೆ ಆದರೆ ಡ್ರೈ ಕ್ಲೀನಿಂಗ್‌ಗೆ ಹೋಗುತ್ತೆ, ಕಾಟನ್ ಮನೆಯಲ್ಲೇ ನೀರಿಗೆ ಬೀಳುತ್ತೆ. ದಾರದ ತುಂಡನ್ನು ಮೊದಲೇ ನೀರಿನಲ್ಲಿ ನೆನೆಸಿ, ಬಿಳೀ ಬಟ್ಟೆ ಮೇಲೆ ಒತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ಹೇಳಿದೆ. ಅವರ ಮುಖ ಸಣ್ಣದಾಯಿತು, ದಾರದ ಅಂಗಡಿಯವರು ಬಣ್ಣ ಹೋಗಲ್ಲ ಅಂದಿದ್ದರು ಅಂದರು. ಕುಚ್ಚು ಬಿಚ್ಚಿ ಬೇರೆ ದಾರದಲ್ಲಿ ಪುಕ್ಕಟೆ ಹಾಕಿಕೊಟ್ಟರು. ಸೀರೆಯ ಕಲೆ ಹೋಗಲಿಲ್ಲ. ಅದು ಇನ್ನು ಮನೆಯಲ್ಲಿ ಉಡುವ ಸೀರೆ. ಈಗ ಕುಚ್ಚಿಗೆ ಸೀರೆ ಕೊಟ್ಟರೆ "ನೀರಿಗೆ ಹಾಕೋದಾ?" ಅಂತ ಮೊದಲು ಕೇಳುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ನಿಮಗೆ ಬೇಕಾದ ದಿನಕ್ಕಿಂತ ಹದಿನೈದು ದಿನ ಹಿಂದಿನ ತಾರೀಕು ಹೇಳಿ. ನಾನು ಇದನ್ನು ಅವರ ಎದುರಿಗೇ ಹೇಳಿದ್ದೇನೆ, ಟೀಚರ್ ನಕ್ಕರು. ಯುಪಿಐ ಇದೆ, ಕೈಬರಹದ ಬಿಲ್ ಕೊಡುತ್ತಾರೆ, ಜಿಎಸ್‌ಟಿ ಬಿಲ್ ಸಿಗುವುದಿಲ್ಲ, ಆಫೀಸಿಗೆ ಕೊಳ್ಳುವವರು ನೋಡಿಕೊಳ್ಳಿ. ಮಧ್ಯಾಹ್ನ ಒಂದರಿಂದ ಎರಡು ಊಟ, ಆಗ ಬಾಗಿಲು ಹಾಕಿರುತ್ತೆ, ತಟ್ಟಬೇಡಿ. ತಟ್ಟಿದರೆ ಒಳಗಿರುವವರು ಬೆಚ್ಚುತ್ತಾರೆ. ಗಂಡಸರು ಒಬ್ಬರೇ ಹೋಗುವುದಾದರೆ ಮೊದಲೇ ಫೋನ್ ಮಾಡಬೇಕು. ನಂಬರ್ ಬೇಕಾದವರು ನನಗೆ ಮೆಸೇಜ್ ಹಾಕಿ, ನಾನು ಅವರನ್ನು ಕೇಳಿ ಕೊಡುತ್ತೇನೆ. ಅಥವಾ ಶಿವರಾತ್ರಿ ಜಾತ್ರೆಗೆ ಬನ್ನಿ, ನೀರಿನ ಬಾಟಲಿ ನೇತುಹಾಕಿರುವ ಮಳಿಗೆ. ನಿಮ್ಮೂರು ದೂರ ಆದರೆ ಅಲ್ಲೇ ಸ್ತ್ರೀಶಕ್ತಿ ಸಂಘ, ಸಂಜೀವಿನಿ ಸಂಘದವರನ್ನು ವಿಚಾರಿಸಿ, ಹೊಲಿಯುವವರು ಇದ್ದೇ ಇರುತ್ತಾರೆ. ಇಂಟು ಮಾರ್ಕ್ ಹಾಕಿಸಿಕೊಳ್ಳುವುದು ಮರೆಯಬೇಡಿ.

ಮೊನ್ನೆ ಮತ್ತೆ ಹೋಗಿದ್ದೆ. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ, 80 ಚೀಲ ಬೇಕು. ಈಗ 44 ರೂಪಾಯಿ, ಬಟ್ಟೆ 19 ಆಗಿದೆ, ಬೋರ್ಡಿನಲ್ಲಿ 17 ಅಳಿಸಿ ಬರೆದಿದ್ದಾರೆ, ಹೊಲಿದವರ 12 ಹಾಗೇ ಇದೆ. ಅದನ್ನು ಯಾಕೆ ಏರಿಸಲಿಲ್ಲ ಅಂತ ಕೇಳಿದೆ. "45 ಅಂದ್ರೆ ನೀವು ಕೊಡ್ತೀರಾ?" ಅಂದರು ಟೀಚರ್. ಕೊಡ್ತೀನಿ ಅಂದೆ. ಹೊಲಿದವರಿಗೆ 13 ಅಂತ ನನ್ನ ಆರ್ಡರಿನ ಪಕ್ಕ ಬರೆದುಕೊಂಡರು, ಬೋರ್ಡಿನಲ್ಲಿ ಬರೆಯಲಿಲ್ಲ. ಈ ಸಲ ತಿಪಟೂರಿನ ಕಾಯಿಯನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದೆ. ಆ ಹುಡುಗಿ ಟೇಪ್ ತಂದು ಕಾಯಿಯ ಸೊಂಟಕ್ಕೆ ಸುತ್ತಿದಳು. 16 ಇಂಚು. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ "ದೊಡ್ಡ ಕಾಯಿ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಳು. ಕಾಯಿ ವಾಪಸ್ ಕೊಡಲಿಲ್ಲ. ಮಧ್ಯಾಹ್ನದ ಚಟ್ನಿಗೆ ಆಯ್ತು ಅಂದಳು.